ಏಡಿಯ ಮೊಕದ್ದಮೆ, ಎಣ್ಣೆಯ ಲೆಕ್ಕ

ಪ್ರಶ್ನೆ: ನಾರ್ವೆಯಲ್ಲಿ ಈಗ ಮಾರಾಟವಾಗುವ ಹೊಸ ಕಾರುಗಳಲ್ಲಿ ಹೆಚ್ಚಿನವು ವಿದ್ಯುತ್ತಿನವಂತೆ. ಆದರೂ ಆ ದೇಶ ಆರ್ಕ್ಟಿಕ್ ಸಮುದ್ರದಲ್ಲಿ ಎಣ್ಣೆ, ಅನಿಲ ತೆಗೆಯುತ್ತಲೇ ಇದೆ. ಪಕ್ಕದಲ್ಲೇ ರಷ್ಯಾ ಬೇರೆ. ಜಗಳವಾಗದೆ ಇದು ಹೇಗೆ ನಡೆಯುತ್ತದೆ?

ಉತ್ತರ: ಕಾರು ಓಡುವುದು ಜಲವಿದ್ಯುತ್ತಿನಿಂದ, ಎಣ್ಣೆ, ಅನಿಲ ಇರುವುದು ಹೊರಗೆ ಮಾರುವುದಕ್ಕೆ. ಇದು ಎರಡು ನಾಲಗೆಯ ಮಾತು ಎಂಬ ಟೀಕೆ ನಾರ್ವೆಯೊಳಗೇ ಇದೆ, ಅದರಲ್ಲಿ ಹುರುಳೂ ಇದೆ. ಆದರೆ 2022ರಲ್ಲಿ ಯುಕ್ರೇನ್ ಯುದ್ಧ ಶುರುವಾಗಿ ಯುರೋಪು ಅನಿಲಕ್ಕಾಗಿ ನಾರ್ವೆಯ ಬಾಗಿಲಿಗೆ ಬಂದ ಮೇಲೆ ಟೀಕೆಯ ದನಿ ತಗ್ಗಿತು.

ನಾರ್ವೆಯ ಅನಿಲದ ಬಹುಪಾಲು ಇನ್ನೂ ದಕ್ಷಿಣದ ಸಮುದ್ರಗಳದ್ದೇ. ಆರ್ಕ್ಟಿಕ್‌ನ ಮುಖ್ಯ ನೆಲೆ ಹ್ಯಾಮರ್‌ಫೆಸ್ಟ್ ಊರಿನ ಎದುರಿನ ಮೆಲ್ಕೋಯಾ ದ್ವೀಪ. ಬ್ಯಾರೆಂಟ್ಸ್ ಸಮುದ್ರದ ಸ್ನೋವಿಟ್ ನಿಕ್ಷೇಪದ ಅನಿಲ 143 ಕಿ.ಮೀ. ಕೊಳವೆಯಲ್ಲಿ ಇಲ್ಲಿಗೆ ಬರುತ್ತದೆ. ಬಾವಿಗಳೆಲ್ಲ ಸಮುದ್ರದ ತಳದಲ್ಲೇ ಇರುವುದರಿಂದ ನೀರಿನ ಮೇಲೆ ಒಂದು ಕಟ್ಟೆಯೂ ಕಾಣದು. ಇಲ್ಲಿಂದ ಯುರೋಪಿಗೆ ಕೊಳವೆ ಇಲ್ಲದ್ದರಿಂದ ಅನಿಲವನ್ನು ಮೈನಸ್ 160 ಡಿಗ್ರಿಗಿಂತಲೂ ಕೆಳಗೆ ತಣಿಸಿ, ದ್ರವವಾಗಿಸಿ, ಹಡಗಿಗೆ ತುಂಬುತ್ತಾರೆ. ಚಳಿಗಾಲದಲ್ಲಿ ಸುಮಾರು ಎರಡು ತಿಂಗಳು ಸೂರ್ಯನೇ ಹುಟ್ಟದಿದ್ದರೂ ಬೆಚ್ಚಗಿನ ಸಾಗರಪ್ರವಾಹದ ದಯೆಯಿಂದ ಅಲ್ಲಿನ ಬಂದರು ಹೆಪ್ಪುಗಟ್ಟುವುದಿಲ್ಲ.

ಇನ್ನು ರಷ್ಯಾದ ಮಾತು. ಬ್ಯಾರೆಂಟ್ಸ್‌ನಲ್ಲಿ ಸುಮಾರು 1.75 ಲಕ್ಷ ಚದರ ಕಿ.ಮೀ. ಜಾಗ, ಅಂದರೆ ಕರ್ನಾಟಕಕ್ಕಿಂತ ತುಸು ಚಿಕ್ಕದು, ನಾಲ್ಕು ದಶಕ ಇಬ್ಬರ ತಕರಾರಿನಲ್ಲಿತ್ತು. ಅದು ಬಗೆಹರಿಯುವವರೆಗೆ ಇಬ್ಬರೂ ಅಲ್ಲಿ ಕೊರೆಯುವಂತಿರಲಿಲ್ಲ. 2010ರಲ್ಲಿ ಮುರ್ಮಾನ್ಸ್ಕ್‌ನಲ್ಲಿ ಸಹಿಯಾದ ಒಪ್ಪಂದ ಅದನ್ನು ಹೆಚ್ಚೂಕಡಿಮೆ ಸಮವಾಗಿ ಹಂಚಿತು. ಗೆರೆಯ ಎರಡೂ ಬದಿಗೆ ಚಾಚಿದ ನಿಕ್ಷೇಪ ಸಿಕ್ಕರೆ ಇಬ್ಬರೂ ಕೂಡಿಯೇ ತೆಗೆಯಬೇಕು ಎಂಬ ಷರತ್ತೂ ಇದೆ. ತಮಾಷೆಯೆಂದರೆ ಇಷ್ಟೆಲ್ಲ ಆಗಿ, 2017ರಲ್ಲಿ ಗೆರೆಯ ಹತ್ತಿರದ ಕೊರ್ಪ್‌ಫ್ಯೆಲ್‌ನಲ್ಲಿ ಭಾರಿ ನಿರೀಕ್ಷೆಯಿಂದ ಕೊರೆದಾಗ ಸಿಕ್ಕಿದ್ದು ಲಾಭಕ್ಕೆ ಬಾರದಷ್ಟು ಅನಿಲ. ಗೆರೆ ಮಾತ್ರ ಉಳಿಯಿತು. ನ್ಯಾಟೋ ಸದಸ್ಯನಾದ ನಾರ್ವೆ ರಷ್ಯಾದ ಮೇಲೆ ನಿರ್ಬಂಧ ಹೇರಿದ ಮೇಲೂ ಕಾಡ್ ಮೀನಿನ ಪಾಲು ನಿಗದಿಗೆ ಎರಡೂ ದೇಶಗಳ ಆಯೋಗ ಮಾತುಕತೆ ನಿಲ್ಲಿಸಲಿಲ್ಲ.

ನಿಜವಾದ ಕಗ್ಗಂಟು ಸ್ವಾಲ್ಬಾರ್ಡ್. 1920ರ ಒಪ್ಪಂದ ಈ ದ್ವೀಪಸಮೂಹವನ್ನು ನಾರ್ವೆಗೆ ಕೊಟ್ಟಿತು. ಆದರೆ ಸಹಿ ಹಾಕಿದ ದೇಶಗಳವರಿಗೆಲ್ಲ ಮೀನುಗಾರಿಕೆ, ಗಣಿಗಾರಿಕೆಯಲ್ಲಿ ಸಮಾನ ಹಕ್ಕಿಟ್ಟಿತು. (ಬ್ರಿಟಿಷ್ ಆಳ್ವಿಕೆಯ ಕಾಲದ್ದಾದರೂ ಭಾರತವೂ ಅದರಲ್ಲಿದೆ, ನಮ್ಮ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ.) ಆ ಹಕ್ಕು ದ್ವೀಪಗಳ ಸುತ್ತಲಿನ ಸಮುದ್ರತಳಕ್ಕೂ ಇದೆಯೇ? ಇಲ್ಲ ಎನ್ನುತ್ತದೆ ನಾರ್ವೆ. ಐರೋಪ್ಯ ಒಕ್ಕೂಟ, ರಷ್ಯಾ ಎರಡೂ ಒಪ್ಪುವುದಿಲ್ಲ. 2017ರಲ್ಲಿ ಅಲ್ಲಿ ಹಿಮ ಏಡಿ ಹಿಡಿಯಹೊರಟ ಲ್ಯಾಟ್ವಿಯಾದ ಹಡಗನ್ನು ನಾರ್ವೆ ತಡೆದು, ದಂಡ ಹಾಕಿತು. ಏಡಿ ಸಮುದ್ರತಳದಲ್ಲಿ ಬದುಕುವ ಪ್ರಾಣಿಯಾದ್ದರಿಂದ ಕಾನೂನಿನ ಕಣ್ಣಿನಲ್ಲಿ ಅದೂ ಎಣ್ಣೆಯಂತೆ ತಳದ ಸಂಪತ್ತು. ಅದರಲ್ಲಿ ಪಾಲು ಕೊಟ್ಟರೆ ನಾಳೆ ಎಣ್ಣೆಗೂ ಕೈಚಾಚುತ್ತಾರೆ. 2023ರಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ತನ್ನ ಸರ್ಕಾರದ ಪರವಾಗಿ ತೀರ್ಪಿತ್ತಿತು. ಹೊರಗಿನವರು ಅದನ್ನು ಒಪ್ಪಬೇಕೆಂದೇನೂ ಇಲ್ಲ.