ಹಿಮದ ಬೆಟ್ಟ ಹತ್ತುವ ಮುನ್ನ

ಡಿಸೆಂಬರ್ ಹತ್ತಿರವಾದಂತೆ ವಿಜಯನಗರ, ರಾಜಾಜಿನಗರ, ಕೆಂಗೇರಿಯ ಕಾಲೇಜು ಮಕ್ಕಳ ನಡುವೆ ಕೇದಾರಕಂಠದ ಮಾತು ಶುರುವಾಗುತ್ತದೆ. ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿರುವ ಈ ಶಿಖರ ಸುಮಾರು 3,800 ಮೀಟರ್ ಎತ್ತರದ್ದು. ಚಳಿಗಾಲದಲ್ಲಿ ಅಲ್ಲಿ ಮೊಣಕಾಲಿನವರೆಗೂ ಹಿಮ ಬೀಳುವುದುಂಟು. ಅಲ್ಲಾಹನ ಸೃಷ್ಟಿಯನ್ನು ಕಣ್ಣಾರೆ ಕಂಡು ಚಿಂತಿಸುವುದು ಒಳ್ಳೆಯ ಕೆಲಸವೇ. ಆದರೆ ಮಕ್ಕಳನ್ನು ಕಳುಹಿಸುವ ಅಥವಾ ಕುಟುಂಬವಾಗಿ ಹೊರಡುವ ನೀವು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ಹಿಮದಲ್ಲಿ ಜೀವಕ್ಕೆ ಅಪಾಯ ತರುವುದು ಬರೀ ಚಳಿಯಲ್ಲ. ಒದ್ದೆ, ಗಾಳಿ ಮತ್ತು ದಣಿವು ಮೂರೂ ಚಳಿಯ ಜೊತೆ ಸೇರಿದಾಗ ಅಪಾಯ ಎದುರಾಗುತ್ತದೆ.

2024ರ ಜೂನ್‌ನಲ್ಲಿ ಅದೇ ಉತ್ತರಕಾಶಿ ಜಿಲ್ಲೆಯ ಸಹಸ್ರತಾಲಕ್ಕೆ 22 ಜನರ ತಂಡ ಹೋಗಿತ್ತು. ಹೆಚ್ಚಿನವರು ಕರ್ನಾಟಕದವರು. ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿ 9 ಮಂದಿ ಪ್ರಾಣ ಕಳೆದುಕೊಂಡರು. ಅದು ಚಳಿಗಾಲವೂ ಆಗಿರಲಿಲ್ಲ. ಬೇಸಿಗೆಯಲ್ಲೇ ಹೀಗಾದರೆ ಜನವರಿಯಲ್ಲಿ ಹೇಗಿರಬಹುದು ಎಂದು ಯೋಚಿಸಿ.

ದೇಹದಲ್ಲಿ ಏನಾಗುತ್ತದೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. 3,800 ಮೀಟರ್‌ನಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟಕ್ಕಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಅದರ ಮೇಲೆ ಆಳವಾದ ಹಿಮದಲ್ಲಿ ಪ್ರತಿ ಹೆಜ್ಜೆಗೂ ಕಾಲು ಹೂತು, ಮತ್ತೆ ಎತ್ತಬೇಕು. ಸಮತಟ್ಟಾದ ದಾರಿಯ ನಡಿಗೆಗಿಂತ ಎಷ್ಟೋ ಪಟ್ಟು ಶ್ರಮ ಬೇಕು. ಮೈ ಬೆವರುತ್ತದೆ. ನಿಂತ ಕೂಡಲೇ ಆ ಬೆವರು ತಣ್ಣಗಾಗಿ ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ.

ದೇಹದ ಒಳಗಿನ ಉಷ್ಣತೆ ಸಾಮಾನ್ಯವಾಗಿ 37 ಡಿಗ್ರಿ. ಅದು 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಮೊದಲು ನಡುಕ ಬರುತ್ತದೆ. ನಂತರ ಬೆರಳುಗಳು ಮಾತು ಕೇಳುವುದಿಲ್ಲ, ಜಿಪ್ ಹಾಕಲೂ ಆಗುವುದಿಲ್ಲ. ನಾಲಿಗೆ ತೊದಲುತ್ತದೆ, ಹೆಜ್ಜೆ ತಪ್ಪುತ್ತದೆ, ‘ನನ್ನ ಪಾಡಿಗೆ ಬಿಡಿ’ ಎಂದು ಕೂತುಬಿಡುತ್ತಾರೆ. ನಡುಕ ತಾನಾಗಿ ನಿಂತರೆ ಅದು ಸುಧಾರಿಸಿದ ಲಕ್ಷಣವಲ್ಲ, ಅಪಾಯ ಹೆಚ್ಚಿದ ಲಕ್ಷಣ. ಬಳಲಿದವರಿಗೆ ತಮ್ಮ ಸ್ಥಿತಿ ತಮಗೇ ತಿಳಿಯುವುದಿಲ್ಲ. ಆದ್ದರಿಂದ ಇಬ್ಬಿಬ್ಬರು ಜೋಡಿಯಾಗಿ ಒಬ್ಬರನ್ನೊಬ್ಬರು ಗಮನಿಸುತ್ತಿರಬೇಕು.

ಹೀಗಾದಾಗ ಏನು ಮಾಡಬೇಕು?

• ಗಾಳಿ ಬೀಸದ ಕಡೆಗೆ ಕರೆದೊಯ್ದು, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ನೆಲದ ತಂಪು ತಾಗದಂತೆ ಹಾಸಿ ಮಲಗಿಸಿ, ಕಂಬಳಿ ಹೊದಿಸಿ.
• ಎಚ್ಚರವಿದ್ದು ನುಂಗಲು ಸಾಧ್ಯವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ.
• ಕೈಕಾಲು ತಿಕ್ಕಬೇಡಿ. ಬೆರಳು ಬಿಳಿಚಿ ಮರಗಟ್ಟಿದ್ದರೆ ಅದು ಫ್ರಾಸ್ಟ್‌ಬೈಟ್ ಇರಬಹುದು. ಹಿಮದಿಂದ ಉಜ್ಜುವುದು, ಬೆಂಕಿಗೆ ಹಿಡಿಯುವುದು ಎರಡೂ ಹಾನಿಕರ.
• ಮದ್ಯ ಕುಡಿದರೆ ಮೈ ಬಿಸಿಯಾಗುತ್ತದೆ ಎಂಬುದು ಭ್ರಮೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಬಿಸಿಯನ್ನು ಹೊರಹಾಕುತ್ತದೆ. ನಮಗೆ ಹರಾಮ್ ಆದದ್ದು ಇಲ್ಲಿ ಪ್ರಾಣಕ್ಕೂ ಕುತ್ತು.
• ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಇದ್ದರೆ ಅದು ಎತ್ತರದ ಕಾಯಿಲೆ ಇರಬಹುದು. ಮೇಲೆ ಹತ್ತಬೇಡಿ. ಹೆಚ್ಚಾದರೆ ರಾತ್ರಿಯಾದರೂ ಕೆಳಗಿಳಿಯಲೇಬೇಕು.

ಶುಚಿತ್ವ ಮತ್ತು ನಮಾಝ್

ಚಳಿಯಲ್ಲಿ ಪದೇ ಪದೇ ಮೂತ್ರಕ್ಕೆ ಹೋಗಲು ಬೇಸರವೆಂದು ಅನೇಕರು, ವಿಶೇಷವಾಗಿ ಹೆಣ್ಣುಮಕ್ಕಳು, ನೀರು ಕುಡಿಯುವುದನ್ನೇ ಬಿಡುತ್ತಾರೆ. ಎತ್ತರದ ಒಣಗಾಳಿಯಲ್ಲಿ ದೇಹದ ನೀರು ಬೇಗ ಕಡಿಮೆಯಾಗುತ್ತದೆ, ದಣಿವೂ ಹೆಚ್ಚುತ್ತದೆ. ಮೂತ್ರ ಕಡು ಹಳದಿಯಾದರೆ ನೀರು ಸಾಲದು ಎಂದರ್ಥ. ಕುದಿಸಿದ ನೀರನ್ನು ಫ್ಲಾಸ್ಕಿನಲ್ಲಿಟ್ಟುಕೊಂಡು ಆಗಾಗ ಕುಡಿಯಿರಿ, ಹಿಮ ತಿನ್ನಬೇಡಿ. ನೀರು ಸಿಗದ ಕಡೆ ಇಸ್ತಿಂಜಾಕ್ಕೆ ಟಿಶ್ಯೂ ಸಾಕು. ಬಳಸಿದ್ದನ್ನು ಚೀಲದಲ್ಲಿ ಕಟ್ಟಿ ಕೆಳಗೆ ತನ್ನಿ.

ವುಝೂ ವಿಷಯದಲ್ಲಿ ಧರ್ಮ ಕೊಟ್ಟ ರಿಯಾಯಿತಿ ನೆನಪಿರಲಿ. ಝಾತುಸ್ಸಲಾಸಿಲ್ ದಂಡಯಾತ್ರೆಯ ಕೊರೆಯುವ ಚಳಿಯ ರಾತ್ರಿ ಹಝ್ರತ್ ಅಮ್ರ್ ಬಿನ್ ಆಸ್(ರ)ರಿಗೆ ಸ್ನಾನ ಕಡ್ಡಾಯವಾಯಿತು. ಮಿಂದರೆ ಪ್ರಾಣಕ್ಕೆ ಅಪಾಯವೆಂದು ಅವರು ತಯಮ್ಮುಮ್ ಮಾಡಿ ನಮಾಝ್‌ಗೆ ನೇತೃತ್ವ ನೀಡಿದರು. ಪ್ರವಾದಿ(ಸ) ವಿಚಾರಿಸಿದಾಗ, ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ ಎಂಬ ಅಲ್ಲಾಹನ ಆದೇಶವನ್ನು ನೆನೆದೆ ಎಂದರು. ಪ್ರವಾದಿವರ್ಯರು(ಸ) ನಕ್ಕರೇ ಹೊರತು ಆಕ್ಷೇಪಿಸಲಿಲ್ಲ. ಅಬೂದಾವೂದ್‌ನಲ್ಲಿ ಈ ವರದಿ ಇದೆ.

ನೀರು ಬಿಸಿ ಮಾಡಲು ಸಾಧ್ಯವಿದ್ದರೆ ವುಝೂ ಮಾಡಿ, ಕೈ-ಮುಖ-ಕಾಲುಗಳನ್ನು ಪೂರ್ತಿ ಒರೆಸಿದ ಮೇಲೆಯೇ ಗ್ಲೌಸ್ ಮತ್ತು ಕಾಲುಚೀಲ ಹಾಕಿ. ಒದ್ದೆ ಬೆರಳಿಗೆ ಫ್ರಾಸ್ಟ್‌ಬೈಟ್ ಬೇಗ ತಗಲುತ್ತದೆ. ವುಝೂ ಇರುವಾಗ ಧರಿಸಿದ ಚರ್ಮದ ಮೋಜಾದ ಮೇಲೆ ಪ್ರಯಾಣಿಕರು ಮೂರು ಹಗಲು ಮೂರು ರಾತ್ರಿ ಮಸಹ್ ಮಾಡಬಹುದು. ಬಟ್ಟೆಯ ಕಾಲುಚೀಲದ ಬಗ್ಗೆ ಮದ್‌ಹಬ್‌ಗಳಲ್ಲಿ ಅಭಿಪ್ರಾಯಭೇದವಿದೆ. ಹೊರಡುವ ಮೊದಲೇ ನಿಮ್ಮ ಮೊಹಲ್ಲಾದ ಇಮಾಮರಲ್ಲಿ ಕೇಳಿಕೊಳ್ಳಿ. ರಮಝಾನ್ ಈಗ ಚಳಿಗಾಲದತ್ತ ಸರಿಯುತ್ತಿದೆ. ಪ್ರಯಾಣಿಕರಿಗೆ ಉಪವಾಸವನ್ನು ಮುಂದೂಡುವ ಅನುಮತಿ ಇರುವುದು ಇಂತಹ ಸಂದರ್ಭಕ್ಕೇ.

ಮನೆಯಲ್ಲೇ ತಯಾರಿ

ಕನಿಷ್ಠ ಎರಡು ತಿಂಗಳು ದಿನವೂ ವೇಗದ ನಡಿಗೆ, ಮೆಟ್ಟಿಲು ಹತ್ತುವುದು ರೂಢಿಯಾಗಲಿ. ಭಾನುವಾರ ಕೆಂಗೇರಿ ಬಳಿಯ ತುರಹಳ್ಳಿಗೋ ಮಾಗಡಿ ಕಡೆಯ ಸಾವನದುರ್ಗಕ್ಕೋ ಬೆನ್ನುಚೀಲ ಹೊತ್ತು ನಡೆಯಿರಿ. ಇದರಿಂದ ಕಾಲು ಗಟ್ಟಿಯಾಗುತ್ತದೆ. ಆದರೆ ಎತ್ತರಕ್ಕೆ ದೇಹ ಒಗ್ಗುವುದು ಅಲ್ಲಿಗೆ ಹೋಗಿ ನಿಧಾನವಾಗಿ ಹತ್ತಿದಾಗ ಮಾತ್ರ. ಅಸ್ತಮಾ, ಬಿಪಿ, ಸಕ್ಕರೆ ಕಾಯಿಲೆ, ರಕ್ತಹೀನತೆ ಇರುವವರು ವೈದ್ಯರನ್ನು ಕಾಣದೆ ಹೊರಡಬಾರದು. ಮೈಗೆ ತಾಗುವ ಬಟ್ಟೆ ಹತ್ತಿಯದ್ದು ಬೇಡ, ಒದ್ದೆಯಾದರೆ ಅದು ಬೇಗ ಒಣಗುವುದಿಲ್ಲ. ಉಣ್ಣೆ ಅಥವಾ ಬೇಗ ಒಣಗುವ ಸಿಂಥೆಟಿಕ್ ಬಟ್ಟೆ ಒಳ್ಳೆಯದು. ಹಿಜಾಬ್ ಕೂಡ ಉಣ್ಣೆಯದಿರಲಿ, ಅಂಚು ಜಾಕೆಟ್ಟಿನೊಳಗಿರಲಿ. ಹಿಮದ ಬೆಳಕು ಕಣ್ಣಿಗೆ ಹಾನಿ ಮಾಡುತ್ತದೆ, ತಂಪು ಕನ್ನಡಕ ಮರೆಯಬೇಡಿ.

ಕೊನೆಯದಾಗಿ ಮಕ್ಕಳಿಗೆ ಇದನ್ನು ಹೇಳಿ ಕಳುಹಿಸಿ: ಶಿಖರ ಮುಟ್ಟದೆ ಮರಳಿದರೆ ಅವಮಾನವೇನಿಲ್ಲ. ದೇಹ ಅಲ್ಲಾಹನು ಕೊಟ್ಟ ಅಮಾನತ್ತು. ಗೈಡ್ ‘ಸಾಕು, ಇಳಿಯೋಣ’ ಎಂದರೆ ಎದುರಾಡದೆ ಇಳಿಯಬೇಕು. ಬೆಟ್ಟ ಮುಂದಿನ ವರ್ಷವೂ ಅಲ್ಲೇ ಇರುತ್ತದೆ.