ಒಲೆಯಿಂದ ಹೃದಯದವರೆಗೆ ಒಂದು ಗೆರೆ

ಒಂದು ಬಿಳಿ ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳಿ. ಗಣಿತ ಎಂದು ಹೆದರಬೇಡಿ. ಜಾಲ ವಿಶ್ಲೇಷಣೆಗೆ ಬೇಕಾದದ್ದು ಬಿಂದು ಮತ್ತು ಗೆರೆ, ಅಷ್ಟೇ. ಹೊಗೆ, ಸೀಸ, ಕೀಟನಾಶಕ, ಕೆಮ್ಮು, ಸಕ್ಕರೆ ಕಾಯಿಲೆ, ಒಂದೊಂದಕ್ಕೂ ಒಂದು ಬಿಂದು. ಎರಡರ ನಡುವೆ ನಂಟಿದೆ ಎಂದು ಯಾರಾದರೂ ಅಳೆದು ತೋರಿಸಿದ್ದರೆ ಅಲ್ಲೊಂದು ಗೆರೆ. ಗರ್ಭದಿಂದ ಮೊದಲಾಗಿ ಬದುಕಿಡೀ ನಮ್ಮ ಮೈಗೆ ತಾಗುವುದನ್ನೆಲ್ಲ ಒಟ್ಟಿಗೆ ನೋಡಬೇಕು ಎಂದ ವಿಜ್ಞಾನಿ ಕ್ರಿಸ್ಟೋಫರ್ ವೈಲ್ಡ್, 2005ರಲ್ಲಿ ಅದಕ್ಕೆ ‘ಎಕ್ಸ್‌ಪೋಸೋಮ್’ ಎಂದು ಹೆಸರಿಟ್ಟರು; ಹಾಗೆ ಒಟ್ಟಿಗೆ ನೋಡಲು ಈ ಬಿಂದು-ಗೆರೆಯ ಜಾಲ ನೆರವಾಗುತ್ತದೆ.

ಉದಾಹರಣೆಗೆ ದೂರ ಹೋಗಬೇಕಿಲ್ಲ, ಮೈಸೂರೇ ಸಾಕು.

ಮೊದಲ ಗೆರೆ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರದ್ದು. ಜಿಲ್ಲೆಯ ಹಳ್ಳಿಗಳಲ್ಲಿ ಬೀಡಿ-ಸಿಗರೇಟು ಮುಟ್ಟದ, ಸೌದೆ-ಬೆರಣಿಯಲ್ಲಿ ಅಡುಗೆ ಮಾಡುವ ಹೆಂಗಸರನ್ನು ಅವರು ಮಾತಾಡಿಸಿದರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ, ಎಷ್ಟು ವರ್ಷದಿಂದ? ಎರಡನ್ನೂ ಗುಣಿಸಿದರು. ದಿನಕ್ಕೆ 3 ಗಂಟೆಯಂತೆ 20 ವರ್ಷ ಬೇಯಿಸಿದವರ ಲೆಕ್ಕ 60. ಲೆಕ್ಕ 60 ಮುಟ್ಟಿದ ಮೇಲೆ, ವರ್ಷಗಟ್ಟಲೆ ಬಿಡದ ಕಫ-ಕೆಮ್ಮಿನ ಬ್ರಾಂಕೈಟಿಸ್ ಅಪಾಯ ಎದ್ದು ಕಂಡಿತು ಎಂದು 2013ರಲ್ಲಿ ಪ್ರಕಟಿಸಿದರು.

ಎರಡನೆಯದು ಮಂಡಿ ಮೊಹಲ್ಲಾದ್ದು, ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಆಸ್ಪತ್ರೆಯ ಕಡತದ್ದು. ಅಲ್ಲಿನ ದಾದಿಯರು ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಡುತ್ತಿದ್ದರು. ಆ ದಾಖಲೆ ಹಿಡಿದು ಸಂಶೋಧಕರ ತಂಡವೊಂದು 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನು ಹುಡುಕಿ ಪರೀಕ್ಷಿಸಿತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು ಎಂದು 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ಆ ದಾದಿಯರಿಗೆ ಯಾರೂ ಸನ್ಮಾನ ಮಾಡಿದಂತಿಲ್ಲ!

ಈಗ ಮೂರನೆಯ ಗೆರೆ: ಗರ್ಭಿಣಿ ಒಲೆ ಹೊಗೆ ಕುಡಿದರೆ ಮಗುವಿನ ತೂಕ ತಗ್ಗುವ ಸಂಭವವಿದೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಅದನ್ನೂ ಎಳೆದುಬಿಡಿ. ಒಲೆ, ಹೊಗೆ, ಹುಟ್ಟಿನ ತೂಕ, ಹೃದಯ ಒಂದೇ ದಾರಿಯಲ್ಲಿ ನಿಂತವು. ಈ ಪೂರ್ತಿ ದಾರಿಯನ್ನು ಮೈಸೂರಿನ ಎರಡು ತಂಡಗಳಲ್ಲಿ ಯಾವುದೂ ಹುಡುಕಿ ಹೊರಟಿರಲಿಲ್ಲ; ಪಕ್ಕಪಕ್ಕ ಇಟ್ಟಾಗ ಕಂಡಿತು. ಜಾಲದ ನಿಜವಾದ ಉಪಯೋಗ ಇದೇ ಎಂದು ನನ್ನ ಎಣಿಕೆ.

ಇನ್ನು ಊದುಬತ್ತಿ ಹೊಗೆ, ಬಸ್ಸಿನ ಹೊಗೆ ಸೇರಿಸಿ. ಎಲ್ಲವೂ ಸೂಕ್ಷ್ಮ ಕಣ ಎಂಬ ಒಂದೇ ಬಿಂದುವಿಗೆ ಬಂದು ಕೂಡುತ್ತವೆ. ಹೆಚ್ಚು ಗೆರೆ ಕೂಡುವ ಬಿಂದು ಸಂತೆಯ ದಿನದ ಸರ್ಕಲ್ ಇದ್ದಂತೆ, ಕಣ್ಣು ಮೊದಲು ಅಲ್ಲಿಗೆ ಹೋಗಬೇಕು. ಸಾವಿರಾರು ರಾಸಾಯನಿಕ, ಜೀನ್, ಕಾಯಿಲೆಗಳಿದ್ದಾಗ ಈ ಎಣಿಕೆಯನ್ನು ಕಂಪ್ಯೂಟರ್ ಮಾಡುತ್ತದೆ.

ಆದರೆ ಮೋಸವೂ ಇಲ್ಲೇ ಇದೆ. ಮಿಷನ್ ಆಸ್ಪತ್ರೆಯ ಲೆಕ್ಕದಲ್ಲಿ ತಾಯಿಯ ತೂಕವೂ ಕಡಿಮೆ ಇದ್ದರೆ ಮಕ್ಕಳಿಗೆ ಮುಂದೆ ಹೃದ್ರೋಗ ಇನ್ನೂ ಹೆಚ್ಚು. ಹೊಟ್ಟೆಗೆ ಸಾಲದ ಮನೆಯಲ್ಲೇ ಸೌದೆ ಒಲೆಯೂ ಇರುವುದು ಸಾಮಾನ್ಯ. ಹಾಗಾದರೆ ತೂಕ ತಗ್ಗಿಸಿದ್ದು ಹೊಗೆಯೋ, ಹಸಿವೋ? ಬಡತನ ಎಂಬ ಬಿಂದು ಹಾಕದ ಚಿತ್ರ ಇದನ್ನು ಹೇಳಲಾರದು.

ಆದ್ದರಿಂದ ನೀವು ಎಳೆಯುವ ಪ್ರತಿ ಗೆರೆಯ ಪಕ್ಕದಲ್ಲೂ ಯಾವ ಊರು, ಯಾವ ವರ್ಷ, ಎಷ್ಟು ಜನ ಎಂದು ಬರೆಯಿರಿ. ಬರೆಯಲಾಗದಿದ್ದರೆ ಆ ಗೆರೆಯನ್ನು ಅಳಿಸಿಬಿಡಿ.