ಚಿತ್ತವಿಕಲತೆಗೆ ಔಷಧ: ಅದು ಮಾಡುವ ಕೆಲಸವೇನು?

ಇಜೇರಿ, ಜೇವರ್ಗಿ ಸುತ್ತಿನ ಸದ್ಭಕ್ತರು ನಮ್ಮಲ್ಲಿ ಆಗಾಗ ಕೇಳುವುದುಂಟು: "ಹುಡುಗ ಈಗ ನೆಟ್ಟಗಿದ್ದಾನೆ, ಇನ್ನೂ ಯಾಕೆ ಆ ಇಂಗ್ಲಿಷ್ ಗುಳಿಗೆ? ನೀವೇ ಬೇರಿನ ಪುಡಿ ಕೊಡಿರಿ." ಇದಕ್ಕೆ ಉತ್ತರಿಸುವ ಮೊದಲು ಆ ಗುಳಿಗೆಯ ಕೆಲಸವನ್ನು ಅರಿಯಬೇಕು.

ಮಿದುಳಿನ ನರಕೋಶಗಳ ನಡುವೆ ಸುದ್ದಿ ಒಯ್ಯುವ ದ್ರವ್ಯಗಳಲ್ಲಿ ಡೋಪಮೈನ್ ಒಂದು. 'ಇದು ಮುಖ್ಯ, ಗಮನಿಸು' ಎಂದು ಎಚ್ಚರಿಸುವುದು ಅದರ ಕಾರ್ಯ. ಸ್ಕಿಜೋಫ್ರೇನಿಯಾ ಅಥವಾ ಚಿತ್ತವಿಕಲತೆಯಲ್ಲಿ ಮಿದುಳಿನ ಕೆಲವು ಭಾಗಗಳಲ್ಲಿ ಇದು ಮಿತಿಮೀರುತ್ತದೆ. ಆಗ ದಾರಿಹೋಕನ ಕೆಮ್ಮೂ ತನ್ನ ವಿರುದ್ಧದ ಸಂಕೇತವಾಗಿ ತೋರುತ್ತದೆ. ಯಾರೂ ಇಲ್ಲದೆಡೆ ದನಿ ಕೇಳುತ್ತದೆ. ಗಾಳಿ ಸೋಕಿದೆಯೆಂದು ಜನ ಭಾವಿಸುವುದು ಇದನ್ನೇ. ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ಒಲಾಂಜಪೈನ್ ಮೊದಲಾದ ಔಷಧಗಳು ಡೋಪಮೈನ್ ಬಂದು ಕೂರಬೇಕಾದ ಗ್ರಾಹಕಗಳ ಮೇಲೆ ತಾವೇ ಕುಳಿತು ಅದನ್ನು ತಡೆಯುತ್ತವೆ.

ನಮ್ಮ ಸರ್ಪಗಂಧದ ಕಥೆಯೂ ಇಲ್ಲಿ ಸೇರಿಕೊಂಡಿದೆ. ಈ ಬೇರು ಉನ್ಮಾದಕ್ಕೂ ಅಧಿಕ ರಕ್ತದೊತ್ತಡಕ್ಕೂ ಉಪಯುಕ್ತವೆಂದು 1931ರಲ್ಲಿ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರೆಸರ್ಪಿನ್ ಬೇರ್ಪಡಿಸಿದರು. ಅದೇ ವರ್ಷ ಪ್ಯಾರಿಸಿನಲ್ಲಿ ಕ್ಲೋರ್‌ಪ್ರೊಮಜೈನ್ ಎಂಬ ಔಷಧ ಮನೋರೋಗಿಗಳಿಗೆ ಬಳಕೆಗೆ ಬಂತು. ರೆಸರ್ಪಿನ್ ಡೋಪಮೈನಿನ ಕಣಜವನ್ನೇ ಬರಿದು ಮಾಡುತ್ತದೆ. ಕ್ಲೋರ್‌ಪ್ರೊಮಜೈನ್ ಬಾಗಿಲನ್ನು ಮಾತ್ರ ಕಾಯುತ್ತದೆ. ಕಣಜ ಬರಿದಾದರೆ ರಕ್ತದೊತ್ತಡ ಕುಸಿಯುವುದು, ಮನಸ್ಸು ಕುಗ್ಗುವುದು ಉಂಟು. ಆದ್ದರಿಂದಲೇ ಮನೋವೈದ್ಯರು ಎರಡನೆಯ ಮಾರ್ಗವನ್ನು ಹಿಡಿದರು. ಗುಳಿಗೆ ಸೇವಿಸುವವರಿಗೆ ಮನೆಯಲ್ಲಿ ಸರ್ಪಗಂಧದ ಪುಡಿ ಕೊಡಬಾರದೆಂದು ನಾವು ಕಟ್ಟುನಿಟ್ಟಾಗಿ ಹೇಳುವುದೂ ಇದಕ್ಕಾಗಿಯೇ.

ನಿದ್ರೆ, ಉದ್ರೇಕಗಳು ಕೆಲವೇ ದಿನಗಳಲ್ಲಿ ಹತೋಟಿಗೆ ಬರಬಹುದು. ದನಿಗಳೂ ಸಂಶಯವೂ ಅಡಗಲು ವಾರಗಳೇ ಬೇಕು. ಬಿಟ್ಟಾಗಲೂ ಹಾಗೆಯೇ. ಗುಳಿಗೆ ನಿಲ್ಲಿಸಿದ ಮರುದಿನವೇ ರೋಗ ಮರಳುವುದಿಲ್ಲ. ಎಷ್ಟೋ ವೇಳೆ ವಾರಗಳು, ತಿಂಗಳುಗಳು ಕಳೆದ ಮೇಲೆ ಮರಳುತ್ತದೆ. ಈ ನಡುವಿನ ಶಾಂತಿಯನ್ನು ಕಂಡು ಮನೆಯವರು 'ಬಿಟ್ಟರೂ ಏನೂ ಆಗಲಿಲ್ಲ' ಎಂದು ಮೋಸಹೋಗುತ್ತಾರೆ. ಮೊದಲ ಸಲದ ರೋಗಕ್ಕೂ ಸಾಮಾನ್ಯವಾಗಿ ಒಂದೆರಡು ವರ್ಷ ಔಷಧ ಬೇಕು. ಮರುಕಳಿಸಿದವರಿಗೆ ಇನ್ನೂ ದೀರ್ಘಕಾಲ. ಪ್ರಮಾಣ ತಗ್ಗಿಸುವುದಾದರೆ ವೈದ್ಯರೇ ಮೆಲ್ಲಮೆಲ್ಲನೆ ತಗ್ಗಿಸಬೇಕು. ದಿನವೂ ನುಂಗಲೊಲ್ಲದವರಿಗೆ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆ ಕೊಡುವ ಸೂಜಿಮದ್ದೂ ಇದೆ.

ತೊಂದರೆಗಳಿಲ್ಲವೆಂದಲ್ಲ. ಕೈನಡುಕ, ಮೈಬಿಗಿತ, ಕುಳಿತಲ್ಲಿ ಕೂರಲಾಗದ ಚಡಪಡಿಕೆ, ತೂಕ ಹಾಗೂ ಸಕ್ಕರೆಯ ಏರಿಕೆ, ಸ್ತ್ರೀಯರಲ್ಲಿ ಮುಟ್ಟಿನ ವ್ಯತ್ಯಾಸ ಕಾಣಬಹುದು. ಇವನ್ನು ಹೇಳಿದರೆ ವೈದ್ಯರು ಔಷಧವನ್ನೋ ಪ್ರಮಾಣವನ್ನೋ ಬದಲಿಸುವರು. ಈ ಔಷಧಗಳು ದೇಹದ ತಾಪನಿಯಂತ್ರಣವನ್ನೂ ಕುಂದಿಸುತ್ತವೆ. ನಮ್ಮ ಕಲಬುರಗಿ ಸೀಮೆಯ ಬಿಸಿಲು ಗೊತ್ತೇ ಇದೆ: ಬೇಸಿಗೆಯ ನಡುಹಗಲು ಇವರನ್ನು ಹೊಲಕ್ಕೆ ಕಳಿಸಬಾರದು, ನೀರು ಮಜ್ಜಿಗೆ ಧಾರಾಳವಾಗಿ ಕೊಡಬೇಕು. ವಿಪರೀತ ಜ್ವರದೊಡನೆ ಮೈ ಸೆಟೆದು ಪ್ರಜ್ಞೆ ಮಸುಕಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿಯಿತ್ತು ಊರಲ್ಲೇ ಈ ಔಷಧ ಒದಗಿಸಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೋರಿಸಿತು. 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.